ಹತ್ತನೇ ತರಗತಿಯ ನಾಲ್ಕನೇ ವರ್ಷ: ಒಂದು ಶಾಸನಾಧಾರಿತ ಸಂಶೋಧನೆ

ಹೈಸ್ಕೂಲು ಮೂರು ವರ್ಷದ್ದು ಎಂಬುದು ಸರ್ಕಾರದ ಮತ. ಎಂಟು, ಒಂಬತ್ತು, ಹತ್ತು ಎಂದು ಬೆರಳು ಮಡಚಿದರೆ ಹಾಗೇ ತೋರುತ್ತದೆ. ಆದರೆ ಬೆರಳೆಣಿಕೆಯೇ ಪ್ರಮಾಣವಾಗಿಬಿಟ್ಟರೆ ಸಂಶೋಧಕರ ಹೊಟ್ಟೆಪಾಡೇನು? ಹಾಸನ ಜಿಲ್ಲೆಯ ಬೇಲೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಗೆ 2007ರಲ್ಲಿ ಎಂಟನೇ ತರಗತಿಗೆ ಸೇರಿದ ತಂಡವನ್ನು ಆಧಾರವಾಗಿಟ್ಟುಕೊಂಡು, ಹೈಸ್ಕೂಲು ವಾಸ್ತವದಲ್ಲಿ ನಾಲ್ಕು ವರ್ಷದ್ದೆಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಬಿ.ಇ.ಓ. ಸಾಹೇಬರು ಬರುತ್ತಾರೆ, ಅವರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬೀಳುತ್ತದೆ, ಸುಣ್ಣ ಬಿದ್ದರೆ ಆಕರಗಳು ನಾಶವಾಗುತ್ತವೆ.

ಆಕರಗಳಲ್ಲಿ ಅಗ್ರಸ್ಥಾನ ಡೆಸ್ಕಿನದು. ಇದೇ ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಪತ್ತೆಮಾಡಿದ ಶಾಸನದ ಕಾಲವನ್ನು ಸುಮಾರು ಕ್ರಿ.ಶ. 450 ಎನ್ನುತ್ತಾರೆ. ಯುದ್ಧದಲ್ಲಿ ಹೋರಾಡಿದ ವಿಜಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚು, ಅಂದರೆ ಕತ್ತಿ ತೊಳೆದ ದತ್ತಿಯಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಈ ದತ್ತಿಯನ್ನು ಅಳಿದವನಿಗೆ ಮಹಾಪಾಪ ಎಂಬ ಎಚ್ಚರಿಕೆಯೂ ಇದೆ. ನಮ್ಮ ಡೆಸ್ಕು ಶಾಸನಗಳು ನೇರ ಈ ಪರಂಪರೆಗೆ ಸೇರಿದವು. ಉಳಿಯ ಬದಲು ಇಲ್ಲಿ ಜಾಮಿಟ್ರಿ ಬಾಕ್ಸಿನ ಕೈವಾರ ಬಳಕೆಯಾಗಿದೆ. ಅದೇ ಕೈವಾರದಿಂದ ಯಾರಾದರೂ ವೃತ್ತ ಎಳೆದದ್ದಕ್ಕೆ ಮಾತ್ರ ಈವರೆಗೆ ಪುರಾವೆ ಸಿಕ್ಕಿಲ್ಲ. ಕೊನೆಯ ಸಾಲಿನ ಕಿಟಕಿ ಬದಿಯ ಡೆಸ್ಕಿನಲ್ಲಿ ‘ಮಂಜ + ಸ’ ಎಂಬಷ್ಟು ಸ್ಪಷ್ಟವಿದ್ದು, ಮುಂದಿನ ಅಕ್ಷರಗಳು ತ್ರುಟಿತ. ಸವಿತಾ ಎಂದು ಒಂದು ಪಂಗಡ, ಸರಸ್ವತಿ ಎಂದು ಇನ್ನೊಂದು. ಅದು ಸಮಾಜ ವಿಜ್ಞಾನವಿರಬಹುದೆಂದು ಆ ಪಾಠದ ಮೇಷ್ಟ್ರು ಸೂಚಿಸಿದ್ದುಂಟು. ಮಂಜನ ಅಂಕಪಟ್ಟಿ ನೋಡಿದ ಮೇಲೆ ಅವರೇ ವಾದ ಹಿಂತೆಗೆದುಕೊಂಡರು. ಕೆಳಗೆ ಶಾಪಾಶಯವಿದೆ: ‘ಇದನ್ನ ಅಳ್ಸಿದವ್ನು ಮ್ಯಾತ್ಸಲ್ಲಿ ಫೇಲು’. ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಶಿಕ್ಷೆ ಮೊದಲಾದ ಪ್ರಾಚೀನ ಶಾಪಗಳು ಫಲಿಸಿದ್ದನ್ನು ಕಂಡವರಿಲ್ಲ. ಇದು ಫಲಿಸಿತು. ಆ ವಿಚಾರ ಮುಂದೆ ಬರಲಿದೆ.

ತರಗತಿಯಲ್ಲಿ ಎಷ್ಟು ಜನ ಇದ್ದರು ಎಂಬ ಸರಳ ಪ್ರಶ್ನೆಯೇ ಜಟಿಲವಾಗಿದೆ. ಹಾಜರಿ ಪುಸ್ತಕದಲ್ಲಿ 19, ಗ್ರೂಪ್ ಫೋಟೋದಲ್ಲಿ 18, ಬಿಸಿಯೂಟದ ಪಂಕ್ತಿಯಲ್ಲಿ 21. ಊಟದ ಲೆಕ್ಕ ಜಾಸ್ತಿ ಕಂಡೊಡನೆ ಅಕ್ಕಿ ಎಲ್ಲಿಗೆ ಹೋಯಿತು ಎಂದು ಶಂಕಿಸುವುದು ಪತ್ರಕರ್ತರ ಚಾಳಿ. ಸಂಶೋಧಕನಾದವನು ಸಾಂಬಾರಿನ ಪಾತ್ರೆಯ ತನಕ ಹೋಗಿ ವಿಚಾರಿಸುತ್ತಾನೆ. ಅಡುಗೆಯ ಅಕ್ಕ ಕೊಟ್ಟ ಉತ್ತರವನ್ನು ಯಥಾವತ್ತಾಗಿ ದಾಖಲಿಸುತ್ತೇನೆ: “ತಟ್ಟೆ ಹಿಡ್ಕಂಡು ನಿಂತವ್ರಿಗೆ ಹಾಕದ್ ಬಿಟ್ಟು ಪುಸ್ತಕ ನೋಡ್ಕಂಡು ಹಾಕಕ್ಕಾಯ್ತದಾ ಸಾ?” ಆ ಇಬ್ಬರು ಹೆಚ್ಚುವರಿ ತಟ್ಟೆಯವರು ಯಾರು ಎಂದು ಕೇಳಿದ್ದಕ್ಕೆ, “ಹೋದ್ ವರ್ಸದವ್ರು” ಎಂದಷ್ಟೇ ಹೇಳಿ ಆಕೆ ಮಜ್ಜಿಗೆ ಕಡೆಗೆ ತಿರುಗಿದರು. ಇಡೀ ಪ್ರಬಂಧದ ಕೀಲಿಕೈ ಈ ಎರಡು ಪದಗಳಲ್ಲಿದೆ.

ಇನ್ನು ಕಾಲವಿಭಾಗ. ಎಂಟನೇ ತರಗತಿಯನ್ನು ಸೈಕಲ್ ಯುಗ ಎನ್ನಬಹುದು. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆ ಈ ತಂಡದ ಕೈಗೂ ಎಟುಕಿತು. ಮಲೆನಾಡಿನ ಅಂಚಿನಲ್ಲಿ ಸೈಕಲ್ಲೆಂದರೆ ಅರ್ಧ ದಾರಿ ನಾವು ಅದನ್ನು ತಳ್ಳುವುದು, ಉಳಿದರ್ಧ ದಾರಿ ಅದು ನಮ್ಮನ್ನು ತಳ್ಳುವುದು. ಏರಿನಲ್ಲಿ ಮೂವರು ಒಟ್ಟಾಗಿ ತಳ್ಳುತ್ತ ಮಾತಾಡಿದ್ದೇ ತರಗತಿಯ ಏಕತೆಗೆ ಕಾರಣ ಎಂದು ನಾನು ನಂಬುತ್ತೇನೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಒಬ್ಬರ ಮೇಲೊಬ್ಬರು ಬಿದ್ದದ್ದೂ ಪೂರಕ ಕಾರಣವಿರಬಹುದು. ಯುಗ ಬೇಗ ಮುಗಿಯಿತು. ವರ್ಷ ತುಂಬುವುದರೊಳಗೆ ಸೈಕಲ್ಲುಗಳಲ್ಲಿ ಹೆಚ್ಚಿನವು ಅಪ್ಪಂದಿರ ಸುಪರ್ದಿಗೆ ಹೋಗಿ, ಕ್ಯಾರಿಯರಿಗೆ ಡೈರಿಯ ಹಾಲಿನ ಕ್ಯಾನು ಏರಿತು, ಇಲ್ಲವೇ ಹಸಿ ಹುಲ್ಲಿನ ಹೊರೆ.

ಒಂಬತ್ತನೇ ತರಗತಿಯ ಬಗ್ಗೆ ಆಕರಗಳು ಮೌನವಾಗಿವೆ. ಯಾವ ಹೈಸ್ಕೂಲಿನಲ್ಲೂ ಒಂಬತ್ತನೇ ತರಗತಿ ಯಾರಿಗೂ ನೆನಪಿರುವುದಿಲ್ಲ. ಮುಂದೆ ಸಾಗೋಣ.

ರಜಾ ಅರ್ಜಿಗಳು ಗದ್ಯ ಸಾಹಿತ್ಯದ ಉಪೇಕ್ಷಿತ ಪ್ರಕಾರ. ‘ವಿಷಯಾನ್ವಯ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭವಾಗಿ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಮುಗಿಯುವ ಇವುಗಳ ನಡುವೆ ಸಾಮಾನ್ಯವಾಗಿ ಜ್ವರ ಇರುತ್ತದೆ. ಡಿಸೆಂಬರ್ ಬಂತೆಂದರೆ ಜ್ವರ ಉಲ್ಬಣಿಸಿ, ಕಾಫಿ ಕೊಯ್ಲು ಮುಗಿದ ವಾರದಲ್ಲಿ ಊರಿಗೆ ಊರೇ ಗುಣಮುಖವಾಗುವುದು ವೈದ್ಯಲೋಕ ಗಮನಿಸಬೇಕಾದ ಸಂಗತಿ. ಮೇಷ್ಟ್ರು ಇಂಥ ಅರ್ಜಿಗಳನ್ನು ಕಣ್ಣುಮುಚ್ಚಿ ಮಂಜೂರು ಮಾಡುತ್ತಿದ್ದರು. ಅಪರೂಪಕ್ಕೆ ಒಬ್ಬ ಹುಡುಗ ‘ತೋಟದಲ್ಲಿ ಆನೆ ನಿಂತಿದ್ದ ಕಾರಣ ಬರಲಾಗಲಿಲ್ಲ’ ಎಂದು ನಿಜ ಬರೆದ. ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಇಂಗ್ಲಿಷ್ ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಮರುವಾರ ಅವರದೇ ಬಸ್ಸು ಆನೆಯ ಮುಂದೆ ಮುಕ್ಕಾಲು ಗಂಟೆ ನಿಂತಿತು. ಆಮೇಲೆ ತರಗತಿಯ ಎಲ್ಲರ ಅರ್ಜಿಯಲ್ಲೂ ಆನೆ ಬರತೊಡಗಿತು.

ಈಗ ಗ್ರೂಪ್ ಫೋಟೋ. ವೀರಗಲ್ಲುಗಳನ್ನು ಕಂಡವರಿಗೆ ಇದರ ವಿನ್ಯಾಸ ಥಟ್ಟನೆ ಹೊಳೆಯುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ತುದಿಯಲ್ಲಿ ಶಿವಸಾನ್ನಿಧ್ಯ. ಫೋಟೋದಲ್ಲೂ ಮೂರು ಪಟ್ಟಿಕೆಗಳು. ಕೆಳಗೆ ಚಕ್ಕಂಬಕ್ಕಳ ಕೂತು ಒಬ್ಬರನ್ನೊಬ್ಬರು ಜಿಗುಟುತ್ತಿರುವ ಕುಳ್ಳಗಿನವರು, ಇದೇ ಕಾಳಗ. ನಡುವೆ ಅಪ್ಸರೆಯರ ಸ್ಥಾನದಲ್ಲಿ, ಕುರ್ಚಿಗಳ ಮೇಲೆ, ಹೆಡ್ಮಾಸ್ಟರು, ಪಿ.ಟಿ. ಮೇಷ್ಟ್ರು ಮತ್ತು ಗುಮಾಸ್ತರು. ವೀರರನ್ನು ಮೇಲಕ್ಕೆ ಒಯ್ಯುವ ಉತ್ಸಾಹ ಆ ಮುಖಗಳಲ್ಲಿ ಕಾಣುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ತುದಿಯಲ್ಲಿ, ಬೆಂಚಿನ ಮೇಲೆ ನಿಂತು ಕೈಲಾಸ ಸೇರಿದವರು ಕೊನೇ ಸಾಲಿನ ಹುಡುಗರು.

ಈ ಬೆಂಚಿಗೆ ಒಂದು ಕಾಲು ಇರಲಿಲ್ಲ. ಹಾಗಿದ್ದೂ ಅದು ನೆಟ್ಟಗೆ ನಿಂತಿದೆ. ಭೂತಗನ್ನಡಿಯಲ್ಲಿ ನೋಡಿದರೆ ಬಲತುದಿಯಲ್ಲಿ, ಹಲಗೆಯ ಅಂಚಿನಲ್ಲಿ, ನಾಲ್ಕು ಬೆರಳುಗಳು. ಕಾಣೆಯಾದ ಹತ್ತೊಂಬತ್ತನೆಯವನು ಹಿಂದೆ ಕುಕ್ಕರುಗಾಲಲ್ಲಿ ಕೂತು ಬೆಂಚು ಹಿಡಿದಿದ್ದ. ಅವನೇ ಮಂಜ. ಡೆಸ್ಕಿನ ‘ಸ’ ಅಕ್ಷರದ ಮುಂದಿನದನ್ನು, ಕನ್ನಡ ಮಿಸ್ಸು ಬರುವ ಸದ್ದು ಕೇಳಿ, ಗಾಬರಿಯಲ್ಲಿ ಕೆರೆದು ಅಳಿಸಿದವನೂ ಅವನೇ. ಶಾಪವನ್ನು ಬರೆದ ಕೈಯೇ ಶಾಪಕ್ಕೆ ಗುರಿಯಾದ ನಿದರ್ಶನ ಕನ್ನಡ ಶಾಸನಗಳಲ್ಲಿ ಬೇರೆ ಇದೆಯೇ ಎಂದು ಬಲ್ಲವರು ಹೇಳಬೇಕು.

2010ರ ಎಸ್.ಎಸ್.ಎಲ್.ಸಿ. ಪರೀಕ್ಷೆ. ಒಟ್ಟು 625 ಅಂಕಗಳಲ್ಲಿ ಮಂಜನಿಗೆ ಬೇಕಿದ್ದದ್ದು ಗಣಿತದ 35 ಮಾತ್ರ. ಉಳಿದದ್ದನ್ನು ಹೇಗೋ ಸಂಪಾದಿಸಿದ್ದ. ಬರಲಿಲ್ಲ. ಜೂನಿನ ಸಪ್ಲಿಮೆಂಟರಿಯಲ್ಲೂ ಬರಲಿಲ್ಲ. ಹದಿನೆಂಟು ಜನ ಟಿ.ಸಿ. ತೆಗೆದುಕೊಂಡು ಪಿ.ಯು. ಕಾಲೇಜು, ಐ.ಟಿ.ಐ. ಎಂದು ಚದುರಿದರು. ನಾಲ್ಕನೇ ವರ್ಷ ಆರಂಭವಾದದ್ದು ಇಲ್ಲಿ. ಹಾಜರಿ ಪುಸ್ತಕದಲ್ಲಿ ಮಂಜನ ಹೆಸರಿಲ್ಲ, ಶಾಲೆಯಲ್ಲಿ ಮಂಜ ಇದ್ದಾನೆ. ಬೋರಿನ ಮೋಟಾರು ಕೆಟ್ಟರೆ ಮಂಜ. ಆಗಸ್ಟ್ ಹದಿನೈದರ ಬಾವುಟಕ್ಕೆ ಹೂವಿಟ್ಟು, ಎಳೆದರೆ ಬಿಚ್ಚುವ ಗಂಟು ಹಾಕಲು ಮಂಜ. ಮಧ್ಯಾಹ್ನ ತಟ್ಟೆ ಹಿಡಿದ ಸಾಲಿನಲ್ಲೂ ಮಂಜ. ಹೊಸ ತಂಡದ ಊಟದ ಲೆಕ್ಕದಲ್ಲಿ ಒಂದು ಹೆಚ್ಚಾಯಿತು. ಅಡುಗೆಯ ಅಕ್ಕನ ‘ಹೋದ್ ವರ್ಸದವ್ರು’ ಎಂಬ ವರ್ಗ ಹೀಗೆ ಪ್ರತಿವರ್ಷ ಹುಟ್ಟುತ್ತದೆ, ಮತ್ತು ಇದುವರೆಗೆ ಯಾವ ಇಲಾಖೆಯೂ ಇದನ್ನು ಎಣಿಸಿಲ್ಲ.

ಮಿಕ್ಕವರೂ ನಾಲ್ಕನೇ ವರ್ಷವನ್ನು ಮುಗಿಸಿದರು ಎಂಬುದು ನನ್ನ ಮುಂದಿನ ವಾದ. ಸಂಜೆ ಕಾಲೇಜಿನ ಬಸ್ಸು ಇಳಿದವರು ನೇರ ಮನೆಗೆ ಹೋಗುತ್ತಿರಲಿಲ್ಲ. ತಂಗುದಾಣದ ಕಟ್ಟೆಯ ಮೇಲೆ ಗಣಿತದ ಪಾಠ ನಡೆಯುತ್ತಿತ್ತು. “ಪೈಥಾಗೊರಸ್ ಪ್ರಮೇಯ ಒಂದನ್ನ ಉರು ಹೊಡಿಯೋ ಮಂಜ, ಪುಣ್ಯ ಬರುತ್ತೆ,” ಎಂದು ಸವಿತಾ. “ಉರು ಹೊಡೆದ್ರೆ ಅಕ್ಷರ ಅದಲು ಬದಲು ಮಾಡ್ತಾನೆ ಕಣೇ, ಅರ್ಥ ಮಾಡ್ಸು,” ಎಂದು ಸರಸ್ವತಿ. ಇಬ್ಬರೂ ಕಲಿಸಿದ್ದರಿಂದ ಡೆಸ್ಕು ಶಾಸನದ ಪಾಠನಿರ್ಣಯ ಇಂದಿಗೂ ಆಗಿಲ್ಲ. ಮಂಜನನ್ನೇ ಕೇಳಬಹುದಿತ್ತಲ್ಲ ಎನ್ನುವವರಿಗೆ ಸಂಶೋಧನಾ ವಿಧಾನದ ಪರಿಚಯವಿಲ್ಲ.

2011ರಲ್ಲಿ ಗಣಿತಕ್ಕೆ 35 ಬಂತು. ಅದು ಗಳಿಸಿದ್ದೋ, ಮೌಲ್ಯಮಾಪಕರು ದಯಪಾಲಿಸಿದ್ದೋ ಎಂಬ ಚರ್ಚೆಗೆ ಇಲ್ಲಿ ಅವಕಾಶವಿಲ್ಲ. ಫಲಿತಾಂಶದ ಸಂಜೆ ಅವನ ಅಪ್ಪ ಹಾಲಿನ ಕ್ಯಾನು ಬಿಚ್ಚಿ ಸೈಕಲ್ಲನ್ನು ಮಗನಿಗೆ ವಾಪಸು ಕೊಟ್ಟರು. ಈ ಸೀಮೆಯಲ್ಲಿ ಬಾಳ್ಗಳ್ಚು ಪದ್ಧತಿ ಹೀಗೆ ಮುಂದುವರಿದಿರುವುದನ್ನು ಮೊದಲಿಗೆ ಗುರುತಿಸಿದ ಕೀರ್ತಿಯನ್ನು ನಾನು ಬಿಟ್ಟುಕೊಡಲಾರೆ.

ಮಂಜ ಈಗ ಗ್ರಾಮ ಪಂಚಾಯಿತಿ ಸದಸ್ಯ. ಶಾಲೆಗೆ ನಾಲ್ಕು ಕಾಲೂ ಇರುವ ಒಂದು ಸ್ಟೀಲ್ ಬೆಂಚು ಮಾಡಿಸಿಕೊಟ್ಟಿದ್ದಾನೆ. ಬೆನ್ನಿಗೆ ಕೆಂಪು ಬಣ್ಣದಲ್ಲಿ ‘ಕೊಡುಗೆ: 2009-10ನೇ ಸಾಲಿನ ವಿದ್ಯಾರ್ಥಿಗಳು’ ಎಂದಿದೆ. ಇಸವಿಯಲ್ಲಿ ಒಂದು ವರ್ಷ ಕಡಿಮೆ ಬಿದ್ದಿರುವುದನ್ನು ಅವನ ಗಮನಕ್ಕೆ ತಂದಿದ್ದೇನೆ. ಸ್ಟೀಲಿನ ಮೇಲೆ ಕೈವಾರ ನಾಟುವುದಿಲ್ಲವಾದ್ದರಿಂದ ಈಗಿನ ಮಕ್ಕಳು ವೈಟ್‌ನರ್ ಬಳಸುತ್ತಿದ್ದಾರೆ. ಕಳೆದ ಕ್ಷೇತ್ರಕಾರ್ಯದಲ್ಲಿ ಒಂದು ಹೊಸ ಶಾಸನ ಸಿಕ್ಕಿದೆ: ಲಿಪಿ ಇಂಗ್ಲಿಷು, ಭಾಷೆ ಕನ್ನಡ, ಕಾಗುಣಿತ ಎರಡಕ್ಕೂ ಸೇರದ್ದು. ಅಚ್ಚು ತೆಗೆಯಲು ಹೋದಾಗ ಬೆಲ್ ಹೊಡೆದು ಮಕ್ಕಳು ಬಂದು ಅದರ ಮೇಲೆಯೇ ಕೂತುಬಿಟ್ಟರು.