ಅಂಕ ತುಂಬುವ ಅರ್ಥಶಾಸ್ತ್ರ

2024ರಲ್ಲಿ ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ದೃಶ್ಯವನ್ನು ದೂರದ ಕಚೇರಿಯಿಂದಲೇ ನೋಡುವ ವ್ಯವಸ್ಥೆ ಬಂದು, ಹಿಂದಿನ ವರ್ಷ ಶೇ 83.89ರಷ್ಟಿದ್ದ ಉತ್ತೀರ್ಣ ಪ್ರಮಾಣ ಶೇ 73.40ಕ್ಕೆ ಇಳಿದಾಗ, ಅಧಿಕಾರಿಯೊಬ್ಬರಿಗೂ ಹಳ್ಳಿಯ ಮುಖ್ಯೋಪಾಧ್ಯಾಯರೊಬ್ಬರಿಗೂ ನಡೆದಿರಬಹುದಾದ ಸಂವಾದವನ್ನು ಹೀಗೆ ಕಲ್ಪಿಸಬಹುದು.

ಅಧಿಕಾರಿ: ಸೌಲಭ್ಯ ಒದಗಿಸಿದ ಮೇಲೂ ಫಲಿತಾಂಶ ಕುಸಿದದ್ದೇಕೆ, ಮೇಷ್ಟ್ರೇ?

ಮುಖ್ಯೋಪಾಧ್ಯಾಯ: ಬಂದ ಸೌಲಭ್ಯ ಕ್ಯಾಮೆರಾ ಒಂದೇ, ಸರ್, ಗಣಿತ ಶಿಕ್ಷಕರ ಹುದ್ದೆ ಖಾಲಿಯೇ ಇದೆ, ಪ್ರಯೋಗಾಲಯ ತೆರೆಯದ ಕಾರಣ ಮಕ್ಕಳು ರಾಸಾಯನಿಕ ಕ್ರಿಯೆಯನ್ನು ಅದರ ಬೀಗದ ತುಕ್ಕಿನಲ್ಲೇ ಕಲಿಯುತ್ತಿದ್ದಾರೆ.

ಅಧಿಕಾರಿ: ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಕಲಿಕೆಯನ್ನು ಹೆಚ್ಚು ನಿರ್ಧರಿಸುತ್ತದೆಂದು ಅಮೆರಿಕದ ಕೋಲ್‌ಮನ್ ವರದಿ 1966ರಲ್ಲೇ ಹೇಳಿದೆಯಲ್ಲ!

ಮುಖ್ಯೋಪಾಧ್ಯಾಯ: ಒಳ್ಳೆಯ ಶಿಕ್ಷಕರ ಪ್ರಭಾವ ಅಲ್ಲಿನ ಅಲ್ಪಸಂಖ್ಯಾತ ಮಕ್ಕಳ ಮೇಲೆ ಹೆಚ್ಚೆಂದೂ ಅದೇ ವರದಿ ಹೇಳಿದೆ, ಸರ್.

ಅಧಿಕಾರಿ: ಆ ಪುಟ ಕಚೇರಿಗೆ ಬಂದಿಲ್ಲ, ಅಷ್ಟಕ್ಕೂ ಕೃಪಾಂಕವನ್ನು ಶೇ 20ಕ್ಕೆ ಏರಿಸಲಿಲ್ಲವೇ?

ಕೃಪಾಂಕವೆಂದರೆ ಉತ್ತೀರ್ಣರಾಗಲು ಕೊರತೆಯಾದ ಅಂಕವನ್ನು ಪರೀಕ್ಷಾ ಮಂಡಳಿಯೇ ತುಂಬಿಕೊಡುವುದು. ಹುದ್ದೆ ತುಂಬುವುದಕ್ಕಿಂತ ಅಂಕ ತುಂಬುವುದು ಅಗ್ಗವೆಂಬ ಸಿದ್ಧಾಂತವನ್ನು ಮುಖ್ಯೋಪಾಧ್ಯಾಯರು ಅಂದು ಶಿಕ್ಷಕರ ನೆರವಿಲ್ಲದೆಯೇ ಕಲಿತರು.