ಬಮ್ಮಿಗಟ್ಟಿಯವರನ್ನು ದಿವಾಳಿ ಮಾಡುವ ಬಗೆ

ಕರಿ ಕೋಟು ಹೊಸದಾಗಿ ಹೊಲಿಸಿಕೊಂಡಿರುವ ಜೂನಿಯರ್ ವಕೀಲರೇ, ವಾಟ್ನಿ ದಾವೆ ಹಿಡಿದರೆ ತೀರ್ಪು ಬರುವ ಹೊತ್ತಿಗೆ ನಿಮಗೇ ಮೊಮ್ಮಕ್ಕಳಾಗಿರುತ್ತಾರೆ. ಕ್ರಿಮಿನಲ್ ಕೇಸಿಗೆ ಸೀನಿಯರುಗಳು ಜಾಗ ಬಿಡುವುದಿಲ್ಲ. ಆದರೆ ಧಾರವಾಡ ಜಿಲ್ಲೆಯಲ್ಲಿ ಕಕ್ಷಿದಾರರಿಗೆ ಎಂದೂ ಬರವಿಲ್ಲದ, ವಕೀಲರು ಮಾತ್ರ ಕಣ್ಣೆತ್ತಿಯೂ ನೋಡದ ಒಂದು ಕ್ಷೇತ್ರ ಖಾಲಿ ಬಿದ್ದಿದೆ. ಅದು ವೈಯಕ್ತಿಕ ದಿವಾಳಿ. ನಿಮ್ಮ ಅನುಕೂಲಕ್ಕಾಗಿ ಅದರ ಸಾರವನ್ನು ಇಲ್ಲಿ ಇಳಿಸಿದ್ದೇನೆ.

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಿಂದ ಒಬ್ಬ ಕಾಕಾ ನಿಮ್ಮ ಚೇಂಬರಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮೂರು ಎಕರೆ ಹೊಲ, ಅದರಲ್ಲಿ ಗೋವಿನಜೋಳ, ಸೋಯಾಬೀನ್. ಉತಾರದಲ್ಲಿ ಸೊಸಾಯಿಟಿಯ ಬೋಜಾ ಕೂತಿದೆ. ಕಾಕುವಿನ ಬಂಗಾರ ಒತ್ತಿಗೆ ಹೋಗಿದೆ. ದಲಾಲಿ ಅಂಗಡಿಯಲ್ಲಿ ಉದ್ರಿ, ಬೀಗರ ಹತ್ತಿರ ಕೈಗಡ, ವಾರಕ್ಕೊಮ್ಮೆ ಸಂಘದ ಕಂತು. ರಸಗೊಬ್ಬರದ ಚೀಲದಲ್ಲಿ ಸುತ್ತಿ ತಂದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರಿದು ಅವರು ಕೇಳುತ್ತಾರೆ: “ವಕೀಲ ಸಾಹೇಬ್ರ, ಕೊಡೂದು ಭಾಳ ಐತಿ, ಬರೂದು ಏನೂ ಇಲ್ಲ. ಕಾಯ್ದೆದಾಗ ಏನರ ದಾರಿ ಐತೇನ್ರಿ?”

ಐತಿ ಅನ್ನಿ. ಒಂದಲ್ಲ, ಎರಡು ದಾರಿಗಳಿವೆ. ಒಂದಕ್ಕೆ ನೂರು ವರ್ಷ ದಾಟಿದೆ, ಇನ್ನೊಂದು ಇನ್ನೂ ಹುಟ್ಟಿಲ್ಲ.

ಹುಟ್ಟದಿರುವುದನ್ನು ಮೊದಲು ನೋಡೋಣ. 2016ರಲ್ಲಿ ಸಂಸತ್ತು ದಿವಾಳಿ ಸಂಹಿತೆ ಮಾಡಿತು. ಅದರ ಮೂರನೆಯ ಭಾಗ ಕಂಪನಿಗಳಲ್ಲದ ಸಾಮಾನ್ಯ ಮನುಷ್ಯರದ್ದು. ಅದರಲ್ಲಿ ಕಡುಬಡವರಿಗೆಂದೇ ‘ಹೊಸ ಆರಂಭ’ ಎಂಬ ಅಧ್ಯಾಯವಿದೆ. ಅರ್ಜಿ ಹಾಕಿದರೆ ಸಣ್ಣ ಸಾಲ ಮನ್ನಾ ಆಗಿ ಬಾಳು ಮತ್ತೆ ಶುರು. ಮುಖ್ಯ ಷರತ್ತುಗಳು ಇವು: ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು.

ಸಂಘದ ಸಾಲ ಕಾಕುವಿನ ಹೆಸರಿನಲ್ಲಿರುವುದರಿಂದ ಅರ್ಜಿಯನ್ನು ಕಾಕುವೇ ಹಾಕಬೇಕು. ಲೆಕ್ಕ ಹಿಡಿಯಿರಿ. ಉದ್ಯೋಗ ಖಾತ್ರಿಯಲ್ಲಿ 2025–26ರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಪೂರಾ 100 ದಿನ ಕೆಲಸ ಸಿಕ್ಕಿದ್ದರೆ 37,000. ಗೃಹಲಕ್ಷ್ಮಿ ಒಂದು ಕಂತೂ ತಪ್ಪದೆ ಜಮಾ ಆದರೆ ತಿಂಗಳಿಗೆ 2,000ದಂತೆ ವರ್ಷಕ್ಕೆ 24,000. ಒಟ್ಟು 61,000. ಸಾವಿರ ರೂಪಾಯಿಯಿಂದ ಕಾಕು ಸಿರಿವಂತರ ಸಾಲಿಗೆ ಸೇರಿದರು! ಬಸವ ವಸತಿ ಯೋಜನೆಯಲ್ಲಿ ಮನೆ ಬಂದಿದ್ದರೆ ಅದೂ ಅಡ್ಡ. ಆ ಮನೆಯನ್ನು ಅಡವು ಇಟ್ಟಿದ್ದರೂ ಅಡ್ಡವೇ. ಸರ್ಕಾರ ಒಂದು ಕೈಯಿಂದ ಕೊಟ್ಟದ್ದನ್ನೆಲ್ಲ ಇನ್ನೊಂದು ಕೈಯಿಂದ ಅನರ್ಹತೆ ಎಂದು ಬರೆದುಕೊಂಡಿದೆ.

ಕಾಕು ಬೇಜಾರು ಮಾಡಿಕೊಳ್ಳುವುದು ಬೇಡ. ಅರ್ಹತೆ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ, ಏಕೆಂದರೆ ಆ ಅಧ್ಯಾಯ ಜಾರಿಗೇ ಬಂದಿಲ್ಲ. ಕಾಯ್ದೆ ಪುಸ್ತಕದಲ್ಲಿದೆ, ಪುಸ್ತಕ ಅಂಗಡಿಯಲ್ಲಿದೆ, ಅಧಿಸೂಚನೆ ದೆಹಲಿಯಲ್ಲಿದೆ. ಇದೇ ನೆಲದಲ್ಲಿ ಬ್ರಿಟಿಷರು, 1875ರಲ್ಲಿ ಪುಣೆ, ಅಹ್ಮದ್‌ನಗರದ ಕಡೆ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟ ಮೇಲೆ, ನಾಲ್ಕೇ ವರ್ಷದಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ತಂದರು. ಅದರಲ್ಲಿ ರೈತನ ದಿವಾಳಿಗೆಂದೇ ಒಂದು ಪ್ರತ್ಯೇಕ ಅಧ್ಯಾಯವಿತ್ತು, ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕಕೂಡದೆಂಬ ಕಲಮೂ ಇತ್ತು. ಪರಕೀಯರಿಗೆ ಅವಸರ ಜಾಸ್ತಿ. ನಮ್ಮವರು ನಿಧಾನಸ್ಥರು.

ಹಾಗಂತ ಮೂರನೆಯ ಭಾಗ ಪೂರ್ತಿ ಮಲಗಿದೆ ಅನ್ನಬೇಡಿ. 2019ರ ಡಿಸೆಂಬರ್ 1ರಿಂದ ಅದು ಒಂದು ವರ್ಗಕ್ಕೆ ಜಾರಿಯಾಗಿದೆ: ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ಕೊಟ್ಟವರಿಗೆ. ಸುಪ್ರೀಂ ಕೋರ್ಟ್ 2021ರಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಇದನ್ನು ಒಪ್ಪಿತು, 2023ರಲ್ಲಿ ದಿಲೀಪ್ ಜೀವ್ರಾಜ್ಕಾ ಪ್ರಕರಣದಲ್ಲಿ ಪ್ರಕ್ರಿಯೆಯನ್ನೂ ಎತ್ತಿಹಿಡಿಯಿತು. ಇದರ ಸೊಗಸು ನೋಡಿ. 2016ರ ಸಂಹಿತೆ ಬರೆದಂತೆ, ಅರ್ಜಿ ದಾಖಲಾದ ದಿನದಿಂದಲೇ ಸಾಲದ ವಸೂಲಿಗೆ ಮಧ್ಯಂತರ ತಡೆ ಬೀಳಬೇಕು. ಕಾಕಾ ಕೂಡ ಜಾಮೀನು ಸಹಿ ಹಾಕಿದ್ದಾರೆ, ಅಳಿಯನ ಟ್ರ್ಯಾಕ್ಟರ್ ಸಾಲಕ್ಕೆ. ಆದರೆ ಅಳಿಯ ಕಂಪನಿ ಅಲ್ಲ. ಮಗಳನ್ನು ಕೊಡುವಾಗ ಜಾತಕದ ಜೊತೆ ಕಂಪನಿ ನೋಂದಣಿ ಪತ್ರವನ್ನೂ ನೋಡಬೇಕಿತ್ತು.

“ಮತ್ತ ಮಲ್ಯಾ ಹ್ಯಾಂಗ ಆದ್ರಿ?” ಎಂದು ಕಾಕಾ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಲಿ. ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೆ ಹೋದ ವಿಜಯ್ ಮಲ್ಯ ಅವರಿಂದ 6,203 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ವಸೂಲು ಮಾಡಿಕೊಳ್ಳಿ ಎಂದು ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಹೇಳಿತು. ದಿವಾಳಿ ಎಂಬ ಮುದ್ರೆ ಬಿದ್ದದ್ದು ಮಾತ್ರ ಲಂಡನ್ನಿನ ಹೈಕೋರ್ಟಿನಲ್ಲಿ, 2021ರ ಜುಲೈ 26ರಂದು. ಬಾಕಿಗಿಂತ ಹೆಚ್ಚೇ ವಸೂಲಾಗಿದೆ, ಲೆಕ್ಕ ಕೊಡಿಸಿ ಎಂದು ಅವರು 2025ರಲ್ಲಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. ಕಾಕಾ ಕೂಡ ಸಾಲದ ಖಾತೆಯ ಲೆಕ್ಕವನ್ನೇ ಕೇಳುತ್ತಿದ್ದಾರೆ. “ಸರ್ವರ್ ಇಲ್ಲ, ಸೋಮವಾರ ಬಾ” ಎಂಬ ಉತ್ತರದ ವಿರುದ್ಧ ಮೇಲ್ಮನವಿ ಎಲ್ಲಿ ಹಾಕಬೇಕೆಂದು ಯಾವ ಸಂಹಿತೆಯೂ ಹೇಳುವುದಿಲ್ಲ.

ಈಗ ಹಳೆಯ ದಾರಿ. 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಹೊಸ ಸಂಹಿತೆ ಇದನ್ನು ರದ್ದು ಮಾಡುತ್ತೇನೆ ಎಂದು ಬರೆದಿತ್ತು, ಆ ಕಲಮೂ ಜಾರಿಯಾಗದೆ ಮುದುಕ ಬದುಕಿಕೊಂಡಿದ್ದಾನೆ. ಅರ್ಜಿ ಹೋಗಬೇಕಾದ್ದು ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರ್ಕಾರ ಅಧಿಕಾರ ಕೊಟ್ಟ ಕೆಳಗಿನ ಕೋರ್ಟಿಗೆ. ಕನಿಷ್ಠ 500 ರೂಪಾಯಿ ಸಾಲ ಇರಬೇಕು. ಅಂದಿನ 500 ದೊಡ್ಡ ಗಂಟು. ಇಂದು ಡಿಎಪಿ ಚೀಲ ಒಂದಕ್ಕೆ 1,350. ಅರ್ಧ ಚೀಲ ಉದ್ರಿ ತಂದವರೆಲ್ಲ ದಿವಾಳಿಗೆ ಅರ್ಹರು. ಅರ್ಹತೆಯ ಮಟ್ಟಿಗೆ ಇಷ್ಟು ಉದಾರವಾದ ಕಾಯ್ದೆ ಇನ್ನೊಂದಿಲ್ಲ.

ಆರನೆಯ ಕಲಮನ್ನು ಬಾಯಿಪಾಠ ಮಾಡಿ. ಸಾಲ ಕೊಟ್ಟವರನ್ನು ಸತಾಯಿಸುವ ಉದ್ದೇಶದಿಂದ ಮನೆ ಬಿಟ್ಟು ಹೋಗುವುದು, ಅವರ ಕೈಗೆ ಸಿಗದಂತೆ ಅಡಗಿ ಕೂರುವುದು ‘ದಿವಾಳಿ ಕೃತ್ಯ’. ಇಂಥ ಕೃತ್ಯ ನಡೆದ ಮೂರು ತಿಂಗಳೊಳಗೆ ಸಾಲ ಕೊಟ್ಟವನೇ ಕೋರ್ಟಿಗೆ ಹೋಗಿ ‘ಇವರನ್ನು ದಿವಾಳಿ ಎಂದು ಸಾರಿ’ ಅನ್ನಬಹುದು. ಇನ್ನು ಕಂತಿನ ದಿನದ ಊರನ್ನು ನೆನೆಸಿಕೊಳ್ಳಿ. ಓಣಿಯ ತುದಿಯಲ್ಲಿ ಬೈಕಿನ ಸಪ್ಪಳ ಕೇಳುತ್ತಲೇ ಒಬ್ಬರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ, ಇನ್ನೊಬ್ಬರು ಅಟ್ಟಕ್ಕೆ, ಮತ್ತೊಬ್ಬರು ತವರಿಗೆ. ಬಾಗಿಲಲ್ಲಿ ನಿಂತ ಮೊಮ್ಮಗ “ಅವ್ವ ಮನ್ಯಾಗಿಲ್ಲ ಅಂತ ಹೇಳು ಅಂದಾಳ” ಎಂದು ಸಾಕ್ಷಿಯನ್ನೂ ನುಡಿಯುತ್ತಾನೆ. ಹತ್ತು ನಿಮಿಷದಲ್ಲಿ ಅರ್ಧ ಓಣಿ 1920ರ ಕಾಯ್ದೆಯಡಿ ದಿವಾಳಿ ಕೃತ್ಯ ಎಸಗಿ ಮುಗಿಸಿರುತ್ತದೆ. 2025ರಲ್ಲಿ ರಾಜ್ಯ ಸರ್ಕಾರ ತಂದ ಮೈಕ್ರೋ ಸಾಲದ ಕಾಯ್ದೆ ಕಿರುಕುಳ ಕೊಟ್ಟವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅನ್ನುತ್ತದೆ. ಸಂಜೆ ಆರರ ಮೇಲೆ ಕಾಡಬಾರದು ಎಂದು ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ. ಬೈಕು ಈಗ ಬೆಳಗ್ಗೆ ಒಂಬತ್ತಕ್ಕೆ ಬರುತ್ತದೆ.

ಕೋರ್ಟು ದಿವಾಳಿ ಎಂದು ಸಾರಿದ ಮೇಲೆ ಆಸ್ತಿಯೆಲ್ಲ ಕೋರ್ಟಿನ ಅಥವಾ ರಿಸೀವರ್ ವಶಕ್ಕೆ. ಹೆದರುವುದು ಬೇಡ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ದಯೆಯಿಂದ ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಎತ್ತು, ಬೇಸಾಯದ ಸಾಮಾನು, ಬಿತ್ತನೆ ಬೀಜ, ರೈತನ ಮನೆ, ಧರ್ಮದ ಪ್ರಕಾರ ಹೆಣ್ಣುಮಕ್ಕಳು ಕಳಚಿಡಬಾರದ ಒಡವೆ, ಇಷ್ಟನ್ನು ಯಾರೂ ಜಪ್ತಿ ಮಾಡುವಂತಿಲ್ಲ. ತಾಳಿ ಮುಟ್ಟಲು ಕೋರ್ಟಿಗೇ ಅಧಿಕಾರವಿಲ್ಲ. ಹೋದ ಮುಂಗಾರಿನಲ್ಲಿ ಕಾಕು ಅದನ್ನು ತಾವೇ ಒಯ್ದು ಒತ್ತಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ಬಂದಿದ್ದಾರೆ. ಮಗಳ ಬಾಣಂತನಕ್ಕೆಂದು ತಂದ ಬಣ್ಣದ ಕಲಘಟಗಿ ತೊಟ್ಟಿಲು ಮಾತ್ರ ನಡುಮನೆಯಲ್ಲಿ ತೂಗುತ್ತಿದೆ. ಅದು ಹಾಸಿಗೆಯೊಳಗೆ ಬರುತ್ತದೋ, ಜಪ್ತಿಯಾಗುವ ಚರಾಸ್ತಿಯೊಳಗೋ? ಎರಡೂ ಕಡೆ ವಕೀಲರಿದ್ದರೆ ಇದೊಂದಕ್ಕೇ ಆರು ತಾರೀಖು ಗ್ಯಾರಂಟಿ.

ಒಂದು ಸಣ್ಣ ಮಾತು ಉಳಿದಿದೆ. ಅಡವು ಇಟ್ಟುಕೊಂಡವರ ಹಕ್ಕಿಗೆ ದಿವಾಳಿ ಕಾಯ್ದೆ ಕೈ ಹಚ್ಚುವುದಿಲ್ಲ. ಸೊಸಾಯಿಟಿಯ ಬೋಜಾ, ಒತ್ತಿಯ ಬಂಗಾರ, ಟ್ರ್ಯಾಕ್ಟರ್ ಎಲ್ಲ ಅವರವರ ಪಾಲು. ಏಟು ಬೀಳುವುದು ಕಾಗದವಿಲ್ಲದೆ ನಂಬಿ ಕೊಟ್ಟ ಬೀಗರಿಗೆ, ದಲಾಲಿ ಅಂಗಡಿಯವರಿಗೆ. ಅಂದರೆ ಕಾಯ್ದೆಯ ಪ್ರಕಾರ ಕಾಕಾ ಮುಳುಗಿಸಬಹುದಾದದ್ದು ಮುಂದಿನ ವರ್ಷ ಮತ್ತೆ ಸಾಲ ಕೊಡುವವರನ್ನು ಮಾತ್ರ.

ಬಿಡುಗಡೆಯ ವಿಚಾರಕ್ಕೆ ಬರೋಣ. ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ ಪೂರ್ಣ ಬಿಡುಗಡೆ ಇಲ್ಲ, ಅದು ತನ್ನ ತಪ್ಪಿನಿಂದ ಆದದ್ದಲ್ಲ ಎಂದು ಕೋರ್ಟಿಗೆ ಒಪ್ಪಿಸದ ಹೊರತು. ಅರ್ಧ ಉಳಿಸಿಕೊಂಡವರ ಹಾದಿ ಸಲೀಸು. ಪೂರ್ತಿ ಹೋದವರು ಮಳೆರಾಯನನ್ನು ಸಾಕ್ಷಿ ಕಟ್ಟೆಗೆ ಕರೆತರಬೇಕು. ಅಲ್ಲಿಯವರೆಗೆ ಕಾಕಾ ಶಾಸಕ, ಸಂಸದ ಆಗುವಂತಿಲ್ಲ, ಮ್ಯಾಜಿಸ್ಟ್ರೇಟ್ ಹುದ್ದೆಯ ಆಸೆಯನ್ನೂ ಬಿಡಬೇಕು. ಸ್ಥಳೀಯ ಸಂಸ್ಥೆಯ ಚುನಾವಣೆಗೂ ನಿಲ್ಲುವಂತಿಲ್ಲ. ಆ ಚುನಾವಣೆಗೆ ನಿಂತೇ ದಿವಾಳಿಯಾದವರ ಬಗ್ಗೆ ಕಾಯ್ದೆ ಮೌನವಾಗಿದೆ. ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಉದ್ರಿ ಮಾಡಿದರೆ ಆರು ತಿಂಗಳವರೆಗೆ ಜೈಲು. ಕಿರಾಣಿ ಅಂಗಡಿಯಲ್ಲಿ ಸಕ್ಕರೆ, ಚಹಾಪುಡಿ ಕೇಳುವ ಮುಂಚೆ ಕಾಕಾ ಕೋರ್ಟಿನ ಆದೇಶದ ನಕಲು ತೋರಿಸಬೇಕು.

ದಿವಾಳಿ ಅರ್ಜಿ ಹಾಕದಿದ್ದರೂ ಜೈಲು ಉಂಟು. 5,000 ದಾಟಿದ ಡಿಕ್ರಿಗೆ ಮೂರು ತಿಂಗಳವರೆಗೆ ಸಿವಿಲ್ ಕೈದು. ಬರೀ ಬಡತನಕ್ಕಾಗಿ ಯಾರನ್ನೂ ಹೀಗೆ ಕೂಡಿಹಾಕಕೂಡದು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲೇ ಹೇಳಿದ್ದಾರೆ, ಅದು ಬೇರೆ ಮಾತು. ಕೈದಿಯ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು. ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಕಾಕಾ ಮೊದಲ ಸಲ ಮುಖ ಎತ್ತುತ್ತಾರೆ. “ಮೂರು ತಿಂಗಳು ಊಟಾ ಅವ್ರದs ಏನ್ರಿ?” ನೀವು ಓದಿ ಹೇಳಿದ ಅಷ್ಟೂ ಕಲಮುಗಳಲ್ಲಿ ಅವರಿಗೆ ಪರಿಹಾರದಂತೆ ಕಂಡದ್ದು ಇದೊಂದೇ.

ಆಮೇಲೆ ಕಾಗದಗಳನ್ನು ಚೀಲಕ್ಕೆ ತುಂಬುತ್ತ, “ಬ್ಯಾಡ ಬಿಡ್ರಿ ಸಾಹೇಬ್ರ. ದಿವಾಳಿ ಆಗೂದು ನಮ್ಮಂಥಾವ್ರಿಗೆ ಪರವಡಂಗಿಲ್ಲ” ಅನ್ನುತ್ತಾರೆ. ವಾದಕ್ಕೆ ಇಳಿಯಬೇಡಿ. ಇಡೀ ಕಾಯ್ದೆಯ ಸಾರವನ್ನು ನಿಮಗಿಂತ ಚೆನ್ನಾಗಿ ಹೇಳಿದ್ದಾರೆ. ಅವರು ಬಾಗಿಲು ದಾಟುವುದರೊಳಗೆ ಸಲಹೆಯ ಫೀಸು ಕೇಳಿಬಿಡಿ. ಸಾಲ ಮಾಡಿಯಾದರೂ ಕೊಡುತ್ತಾರೆ.