ಪ್ರೌಢಸೀವನ ಮೀಮಾಂಸೆ

ಸೂಜಿಗೆ ದಾರ ಪೋಣಿಸುವುದಕ್ಕೆ ಮೊದಲು ಪ್ರಸ್ತಾವನೆಯನ್ನು ಪೋಣಿಸತಕ್ಕದ್ದೆಂಬುದು ಇಂದಿನ ವಿದ್ವಲ್ಲೋಕದ ಶಿಷ್ಟಾಚಾರವಾದುದರಿಂದ, ಚಿಂಚೋಳಿ ತಾಲ್ಲೂಕಿನಲ್ಲಿ ತೆಲಂಗಾಣದ ಗಡಿಗೆ ಅಂಟಿಕೊಂಡು, ಕಾಡೂ ತಾಂಡಾಗಳೂ ಸುತ್ತುವರಿದಿರುವ ಕುಂಚಾವರಂ ಗ್ರಾಮದಲ್ಲಿ, ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಹೊಲಿಗೆ ಕಲಿಯತೊಡಗಿದ ನಾವು, ಆ ವಿದ್ಯೆಯಿಂದ ಮನಸ್ಸಿಗೆ ಲಭಿಸುವ ಸಮಾಧಾನದ ಸ್ವರೂಪವನ್ನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯದ ಕ್ರಮದಲ್ಲಿ ನಿರೂಪಿಸಲು ಉದ್ಯುಕ್ತರಾಗಿದ್ದೇವೆ. ಸುಲಭವಾಗಿ ಅರ್ಥವಾಗುವಂತೆ ಬರೆದರೆ ಗ್ರಂಥದ ಗೌರವಕ್ಕೆ ಕುಂದು ಬರುವುದೆಂದು ಈಚೆಗೆ ವಿಚಾರಸಂಕಿರಣವೊಂದರಲ್ಲಿ ಮನಗಂಡಿರುವುದರಿಂದ ಆ ಅಪಚಾರವನ್ನು ಸಾಧ್ಯವಾದಷ್ಟೂ ವರ್ಜಿಸಲಾಗುವುದು.

ಮೊದಲು ಅಧಿಕಾರಿನಿರ್ಣಯ. ಸೂಜಿಯ ಕಣ್ಣು ಕಾಣುವ ವಯಸ್ಸಿನಲ್ಲಿ ಹೊಲಿಗೆಯನ್ನು ತಿರಸ್ಕರಿಸಿ, ಕಾಣದ ವಯಸ್ಸಿನಲ್ಲಿ ಅದಕ್ಕೆ ಶರಣಾದವನೇ ಪ್ರೌಢಸೀವಕನು. ಇವನು ದ್ವಿವಿಧ: ಹಣೆಗೇರಿಸಿದ ಕನ್ನಡಕವನ್ನು ಮನೆಯೆಲ್ಲ ಹುಡುಕುವವನೊಬ್ಬ; ಮೊಮ್ಮಗಳಿಂದ ದಾರ ಪೋಣಿಸಿಕೊಂಡು ಆ ಸಂಗತಿಯನ್ನು ಗೋಪ್ಯವಾಗಿಡುವವನು ಇನ್ನೊಬ್ಬ. ಬಾಲ್ಯದಲ್ಲಿಯೇ ಕಲಿತ ಹೆಣ್ಣುಮಕ್ಕಳಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಏಕೆಂದರೆ ಅವರಿಗೆ ಹೊಲಿಯಲು ಬರುತ್ತದೆ.

ಶಾಸ್ತ್ರಕ್ಕೆ ಪರಂಪರೆ ಬೇಕು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ದೊರೆತ, ಹಕ್ಕಿಯ ಮೂಳೆಯ ಸೂಜಿಗೆ ಸುಮಾರು 50,000 ವರ್ಷಗಳಾಗಿರಬೇಕೆಂದು ಬಲ್ಲವರು ಹೇಳುತ್ತಾರೆ. ಕಲ್ಯಾಣದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ವಚನಕಾರನಿದ್ದನು. ಫ್ರಾನ್ಸಿನ ತಿಮೋನಿಯೆ ಎಂಬವನು 1830ರಲ್ಲಿ ಹೊಲಿಗೆಯಂತ್ರಕ್ಕೆ ಹಕ್ಕುಪತ್ರ ಪಡೆಯಲಾಗಿ, ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಪ್ಯಾರಿಸ್ಸಿನ ದರ್ಜಿಗಳು ಅವನ ಯಂತ್ರಗಳನ್ನು ಪುಡಿಗೈದರು; 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್, ಸೂಜಿಯ ಕಣ್ಣು ಮೊನೆಯ ಬಳಿಯೇ ಇರುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು; ಯಂತ್ರಗಳೆಂದರೆ ಹುಬ್ಬುಗಂಟಿಕ್ಕುತ್ತಿದ್ದ ಗಾಂಧೀಜಿಯವರೂ ಸಿಂಗರ್ ಯಂತ್ರಕ್ಕೆ ರಿಯಾಯಿತಿ ತೋರಿದರು. ಇವೆಲ್ಲಕ್ಕೂ ನಾವು ಹೊಲಿದ ತಲೆದಿಂಬಿನ ಗವಸಿಗೂ ಏನು ನಂಟೆಂದು ಕೇಳುವವರು ಸಂಕಿರಣಗಳ ಮರ್ಯಾದೆಯನ್ನು ಅರಿಯದವರು.

ಇನ್ನು ವಿಷಯ. ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯನು ಕವಿರಾಜಮಾರ್ಗದ ಮೊದಲ ಪರಿಚ್ಛೇದವನ್ನೇ ದೋಷವಿಚಾರಕ್ಕೆ ಮೀಸಲಿಟ್ಟಿರುವುದರಿಂದ, ಅದೇ ಸೀಮೆಯವರಾದ ನಾವೂ ಸೀವನದೋಷಗಳಿಂದಲೇ ತೊಡಗಬೇಕಾಗಿತ್ತು. ಆದರೆ ದೋಷಗಳು ನಮ್ಮಲ್ಲಿ ಹೇರಳವಾಗಿಯೂ ಗುಣಗಳು ವಿರಳವಾಗಿಯೂ ಇರುವುದರಿಂದ ನೇರವಾಗಿ ಭೇದಗಳಿಗೆ ಬರುತ್ತೇವೆ. ಕಚ್ಚಾ ಟಾಕಿಯು ಅನಿತ್ಯಸೀವನ, ಹಿಂದೆ ಸರಿದು ಮುಂದೆ ಹೋಗುವ ಬಖಿಯಾ ಪ್ರತ್ಯಾಗತಸೀವನ, ಅಂಚು ಮಡಿಚುವ ತುರಪಾಯಿ ಗುಪ್ತಸೀವನ, ಕಾಜಾ ದ್ವಾರಸೀವನ. ಈ ನಾಲ್ಕು ಸಾತ್ತ್ವಿಕ, ರಾಜಸ, ತಾಮಸ ಭೇದದಿಂದ ಹನ್ನೆರಡಾಗಿ, ಅವು ಹಗಲಿನವು, ದೀಪದವು, ಕರೆಂಟು ಹೋದ ಮೇಲಿನವು ಎಂದು ಮೂವತ್ತಾರಾಗಿ, ಅವು ಮತ್ತೆ ಬೆರಳಿಗೆ ಚುಚ್ಚಿದವು, ಚುಚ್ಚದವು ಎಂದು... ಸಾಕು. ಇಷ್ಟೆಲ್ಲ ವಿಂಗಡಿಸಿದರೂ ಇದುವರೆಗೆ ಒಂದು ಗುಂಡಿಯೂ ಅಂಗಿಗೆ ಕೂತಿಲ್ಲ.

ನಿಜವಾಗಿ ನಮಗೆ ಹೊಲಿಗೆ ಹೇಳಿಕೊಟ್ಟವರು ತಾಂಡಾದ ಒಬ್ಬ ವೃದ್ಧೆ. ಅವರನ್ನು ನಾವು ಯಾಡಿ, ಅಂದರೆ ತಾಯಿ, ಎಂದೇ ಕರೆಯುತ್ತೇವೆ. ಅವರ ಉಪದೇಶವೆಲ್ಲ ಒಂದೇ ವಾಕ್ಯದಲ್ಲಿ ಮುಗಿದಿತ್ತು: "ಮಾಸ್ತರ, ದಾರ ಇಷ್ಟುದ್ದ ತಗೋಬ್ಯಾಡ್ರಿ, ಗಂಟ ಬೀಳ್ತದ." ಅಂದಿನಿಂದ ಮೊಳದುದ್ದದ ದಾರ ಹಿಡಿದು, ಹಳೆಯ ಧೋತರ ಸೀರೆಗಳನ್ನು ಪದರಪದರವಾಗಿ ನೆಲಕ್ಕೆ ಹಾಸಿ, ನಾವೊಂದು ಕೌದಿ ಹೊಲಿಯುತ್ತಿದ್ದೇವೆ. ತೀರಿಕೊಂಡ ನಮ್ಮ ಮನೆಯವರ ಇಳಕಲ್ಲ ಸೀರೆ ಅದರ ಒಳಪದರದಲ್ಲಿದೆ. ಮುಂದಿನ ಟಾಕಿ ಹಿಂದಿನದಕ್ಕೆ ಸಮನಾಗಬೇಕೆಂಬ ಒಂದೇ ಚಿಂತೆ ಮಿಕ್ಕ ಚಿಂತೆಗಳನ್ನು, ಹೋಗಲಾಡಿಸುವುದಿಲ್ಲ, ಹೊಸ್ತಿಲ ಹೊರಗೆ ಕಾಯಿಸುತ್ತದೆ; ಸಂಜೆ ಬಾಗಿಲು ತೆರೆದಾಗ ಅವು ಅಲ್ಲಿಯೇ ಇರುತ್ತವೆ, ಆದರೆ ಅಷ್ಟು ಹೊತ್ತಿಗೆ ನಮ್ಮ ಕಡೆ ಒಂದು ಗೇಣು ಕೌದಿ ಬೆಳೆದಿರುತ್ತದೆ. ಸಮಾಧಾನವೆಂದರೆ ಇಷ್ಟೇ.

ಇದನ್ನೇ ಆ ಸಂಕಿರಣದಲ್ಲಿ, ನಗರದಿಂದ ಕಾರಿನಲ್ಲಿ ಬಂದಿಳಿದ ಮಹನೀಯರೊಬ್ಬರು ಸೂಜಿಯನ್ನು ಒಮ್ಮೆಯೂ ಹಿಡಿಯದೆ, "ಸೀವನಾತ್ಮಕ ಮನೋಸಾಂತ್ವನ" ಎಂದು ಎರಡು ತಾಸು ವಿವರಿಸಿದರು. ಏಳೆಂಟರ ಪ್ರಾಯದಿಂದಲೇ ಕನ್ನಡಿ, ಕವಡೆ ಕೂರಿಸಿ ಕಾಂಚಳಿ ರವಿಕೆಗಳನ್ನು ಹೊಲಿದ ಯಾಡಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, "ಫಲಾನುಭವಿ" ಎಂದು ಸಂಬೋಧಿಸಿ, ಪ್ರಾಥಮಿಕ ಹೊಲಿಗೆ ತರಬೇತಿಯ ಪ್ರಮಾಣಪತ್ರವನ್ನು ಅವರ ಕೈಗಿತ್ತರು. ಯಾವ ಫಲ? ಯಾರ ಅನುಭವ? ಒಂದು ಕೌದಿಗೆ ನಮ್ಮ ಕಡೆ ದೊರೆಯುವ ಕೂಲಿ ಆ ಕಾರಿನ ಡೀಸೆಲ್ಲಿಗೆ ಸಾಲದು. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿಯ ವಸ್ತುಗಳನ್ನು ಒಂದೆಡೆ ಹರಡಿ ಗಿನ್ನೆಸ್ ದಾಖಲೆ ಮಾಡಿದರು, ಸಂತೋಷ. ಅವನ್ನು ಹೊಲಿದ ಸಂಡೂರಿನ ಹೆಣ್ಣುಮಕ್ಕಳಿಗೆ ಅಷ್ಟಾದರೂ ಹೆಸರು ಬಂದಿತು. ಇತ್ತ ನಮ್ಮ ತಾಂಡಾಗಳಲ್ಲಿ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಮುಂಬಯಿ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಸಿಮೆಂಟು ಹಿಡಿದ ಬೆರಳಿಗೆ ಸಣ್ಣ ಸೂಜಿ ನಿಲ್ಲುವುದಿಲ್ಲ. ಮದುವೆಯ ಫೇಟಿಯಾ ಲಂಗಗಳು ಪೆಟ್ಟಿಗೆಯ ತಳ ಸೇರಿ, ಕಷ್ಟಕಾಲದಲ್ಲಿ ವ್ಯಾಪಾರಿಗಳ ಪಾಲಾಗುತ್ತವೆ. ನಿವೃತ್ತಿವೇತನವುಳ್ಳ ನಮಗೆ ಹೊಲಿಗೆ ಸಮಾಧಾನ. ಯಾಡಿಗೆ ಅದು ಏನೆಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ನಾಚಿಕೆಗೇಡು.

ಸಂಬಂಧಪ್ರಕರಣವನ್ನು ಕೈಬಿಟ್ಟಿದ್ದೇವೆ. ಪ್ರಯೋಜನವನ್ನು ಮಾತ್ರ ಹೇಳಲೇಬೇಕು. ಸಂಕಿರಣದ ದಿನ ವೇದಿಕೆಯ ಮೇಜಿಗೆ ಅಲಂಕಾರವಾಗಲೆಂದು ಯಾಡಿಯ ಕಾಂಚಳಿಯೊಂದನ್ನು, ಅವರ ತಾಯಿ ಮದುವೆಗೆಂದು ಹೊಲಿದುಕೊಟ್ಟದ್ದನ್ನು, ಸಂಘಟಕರು ಕೇಳಿ ಪಡೆದುಕೊಂಡು ಹೋದರು. ಮುಖ್ಯ ಅತಿಥಿಗಳು ಅದನ್ನು ಬಹುವಾಗಿ ಮೆಚ್ಚಿದರೆಂದು ವರದಿಯಲ್ಲಿಯೂ ಬಂದಿದೆ. ಅದು ಇನ್ನೂ ತಾಂಡಾಕ್ಕೆ ಮರಳಿಲ್ಲ. ಅದನ್ನು ತಂದುಕೊಡತಕ್ಕದ್ದು, ಅಂಚೆಯಲ್ಲಿ ಕಳಿಸಬಾರದು, ಕನ್ನಡಿಗಳು ಒಡೆಯುತ್ತವೆ.